ಅಪ್ಪನ ಕೈ, ಲಾರಿಯ ಸಡಿಲು

ಅವ್ವ ತೀರಿಕೊಂಡು ಹದಿನೈದು ದಿನ ಆಗಿತ್ತು. ಗದಗಿನಿಂದ ಮುಂಡರಗಿಗೆ ಹೊರಟಿದ್ದ ನಮ್ಮ ಬಸ್ಸು ದಾರಿಯಲ್ಲಿ ಸ್ವಲ್ಪ ಹೊತ್ತು ನಿಂತಿತು. ರಸ್ತೆಯ ಬದಿಗೆ ಮುಂದಿನ ಗಾಲಿ ಬಿಚ್ಚಿದ ಲಾರಿಯೊಂದಿತ್ತು. ಅದರ ನೆರಳಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತವನೊಬ್ಬ ತಗಡಿನ ಡಬ್ಬಿಯಲ್ಲಿ ಚಿಮಣಿ ಎಣ್ಣೆ ಹಾಕಿಕೊಂಡು ಯಾವುದೋ ಕಬ್ಬಿಣದ ತುಂಡನ್ನು ತೊಳೆಯುತ್ತಿದ್ದ. ಚಿಮಣಿ ಎಣ್ಣೆಯೂ ಹಳೆಯ ಗ್ರೀಸೂ ಕೂಡಿದ ವಾಸನೆ ಕಿಟಕಿಯಿಂದ ಒಳಗೆ ಬಂತು. ಪಕ್ಕದ ಹೆಂಗಸು ಮೂಗಿಗೆ ಸೆರಗು ಹಿಡಿದಳು. ನಾನು ಮುಖವನ್ನು ಕಿಟಕಿಯ ಹತ್ತಿರ ಒಯ್ದೆ. ನಿಮಗೂ ಹೀಗಾಗಿರಬಹುದು. ಹೋದವರ ಫೋಟೋ ನೋಡಿದರೆ ಏನೂ ಆಗುವುದಿಲ್ಲ, ಮಂದಿ ಮೂಗು ಮುಚ್ಚಿಕೊಳ್ಳುವ ಒಂದು ವಾಸನೆ ಮಾತ್ರ ಇಡೀ ಮನೆಯನ್ನು ಹಿಂದಕ್ಕೆ ತಂದು ನಿಲ್ಲಿಸುತ್ತದೆ.

ನಮ್ಮ ಮನೆ ಬೆಟಗೇರಿಯಲ್ಲಿ, ಮಗ್ಗಗಳ ಓಣಿಯ ಕೊನೆಗೆ ಇತ್ತು. ಎದುರಿನ ಬೇವಿನ ಗಿಡದ ಕೆಳಗೆ ಅಪ್ಪನ ಲಾರಿ ನಿಲ್ಲುತ್ತಿತ್ತು. ಮೂರು ಕೈ ದಾಟಿ ಬಂದ ಹಳೆಯ ಗಾಡಿ ಅದು. ಅದರ ತಾಡಪಾಲಿನ ಮೇಲೆ ಅವ್ವ ಮೆಣಸಿನಕಾಯಿ ಒಣಹಾಕುತ್ತಿದ್ದಳು. ಹೀಗಾಗಿ ಮಳೆ ಬಂದಾಗ ಅದನ್ನು ಹೊದಿಸಿದ ಶೇಂಗಾ ಚೀಲಗಳಿಗೂ ಖಾರದ ಘಾಟು ಹತ್ತುತ್ತಿತ್ತು. ಅಪ್ಪ ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯಿಂದ ಶೇಂಗಾ, ಉಳ್ಳಾಗಡ್ಡಿ ಹೇರಿಕೊಂಡು ಗದಗಿನ ಪೇಟೆಗೆ ತರುತ್ತಿದ್ದ. ನಾನು ಐದನೆಯ ಇಯತ್ತೆಯಲ್ಲಿದ್ದ ವರ್ಷ ಶೇಂಗಾ ದಲಾಲಿ ಮಾಡುವ ಲಕ್ಷ್ಮೇಶ್ವರದ ಅಡತಿ ಅಂಗಡಿಯ ಸಾವಕಾರ ಅವನ ಗಾಡಿಗೆ ಮಾಲು ಹೇರುವುದನ್ನು ನಿಲ್ಲಿಸಿಬಿಟ್ಟ. ಲಾರಿ ಹಾದಿಯ ತುಂಬ ಓಲಾಡುತ್ತ ಹೋಗುತ್ತದೆ, ಈರಪ್ಪ ಕುಡಿದು ಗಾಡಿ ಹೊಡೆಯುತ್ತಾನೆ ಎಂದು ಪೇಟೆಯಲ್ಲಿ ಸುದ್ದಿ ಹಬ್ಬಿತ್ತು. ಒಬ್ಬ ಸಾವಕಾರ ಬಿಟ್ಟರೆ ಉಳಿದವರೂ ಬಿಡುತ್ತಾರೆ ಎಂಬುದು ಮನೆಯಲ್ಲಿ ಎಲ್ಲರಿಗೂ ತಿಳಿದಿತ್ತು. ಅಪ್ಪ ಕುಡಿಯುತ್ತಿರಲಿಲ್ಲ ಎಂದೇ ನಾನು ತಿಳಿದಿದ್ದೆ. ಸ್ಟೇರಿಂಗ್ ಸಡಿಲಾಗಿದೆ ಎಂದು ಅವನು ಹೇಳುತ್ತಿದ್ದ. ಅದನ್ನು ಬಿಗಿ ಮಾಡಲೆಂದು ಸ್ಟೇರಿಂಗ್ ಪೆಟ್ಟಿಗೆಯ ತಿರುಪನ್ನು ತಾನೇ ಎರಡು ಸಲ ತಿರುಗಿಸಿದ್ದ. ಅದರಿಂದ ಸ್ಟೇರಿಂಗ್ ಚಕ್ರ ತಿರುಗುವಾಗ ನಡುವೆ ಬಿಗಿ ಹಿಡಿಯತೊಡಗಿತೇ ಹೊರತು ಓಲಾಟ ನಿಲ್ಲಲಿಲ್ಲ.

ಗಾಡಿ ರಿಪೇರಿಯ ಮೇಸ್ತ್ರಿ ಹಸನಸಾಬ ಅಪ್ಪನ ಚಿಕ್ಕಂದಿನ ಗೆಳೆಯ. ಒಂದು ರವಿವಾರ ಮುಂಜಾನೆ ಬಂದು ಗೋಣಿಚೀಲ ಹಾಸಿಕೊಂಡು ಲಾರಿಯ ಕೆಳಗೆ ಮಲಗಿದ. ಅಪ್ಪ ಮೇಲೆ ಕುಳಿತು ಸ್ಟೇರಿಂಗನ್ನು ಅತ್ತಿತ್ತ ಅಲುಗಿಸಬೇಕು, ಹಸನಸಾಬ ಕೆಳಗೆ ಒಂದೊಂದೇ ಕೂಡಿಕೆಯ ಮೇಲೆ ಕೈ ಇಟ್ಟು ಸಡಿಲು ಎಲ್ಲಿದೆ ಎಂದು ಹುಡುಕಬೇಕು. ಅವರ ಪದ್ಧತಿ ಅದು. ತಾಸು ಹೊತ್ತಾದರೂ ಏನೂ ಸಿಗಲಿಲ್ಲ. ಹಸನಸಾಬ ಕೆಳಗಿನಿಂದಲೇ ಹೇಳಿದ, “ಲೇ ಈರಪ್ಪಾ, ನಿನಗಿಂತ ನಿನ್ನ ಗಾಡಿನ ನೆಟ್ಟಗೈತಿ ನೋಡು.”

“ಹಂಗಾರ ಹಾದಿ ಸೊಟ್ಟ ಐತೇನ್ಲೇ?”

ಅವ್ವ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳುತ್ತಿದ್ದಳು. ಗಾಡಿಯಲ್ಲಿ ದೋಷವಿಲ್ಲ ಎಂದರೆ ದೋಷ ಎಲ್ಲಿದೆ ಎಂಬ ಲೆಕ್ಕ ಅವಳ ಮುಖದಲ್ಲಿ ನಡೆದಿತ್ತು. ಹಸನಸಾಬ ಹೊರಗೆ ಬಂದು ಮೈ ಝಾಡಿಸಿಕೊಂಡು ಅಪ್ಪನ ಕೈಗಳನ್ನು ಒಂದು ಕ್ಷಣ ನೋಡಿದ. ನೀ ಇಳಿ, ಅಕ್ಕಾರು ಹತ್ತಲಿ ಅಂದ. ಹೆಂಗಸರು ಡ್ರೈವರನ ಸೀಟಿನಲ್ಲಿ ಕೂರುವುದು ನಮ್ಮಲ್ಲಿ ಇರಲಿಲ್ಲ. ಆದರೂ ಅಪ್ಪ ಇಳಿದ. ತನಗೇನು ಗೊತ್ತಾಗುತ್ತದೆ ಎಂದು ಅವ್ವ ಹಿಂಜರಿದಳು.

“ಗೊತ್ತಿಲ್ಲದವರ ಬೇಕಾಗ್ಯಾರ್ರಿ ಅಕ್ಕಾರ. ಬೀಸೂಕಲ್ಲು ಹಿಡಕೊಂಡಂಗ ಹಿಡೀರಿ. ಹಿಂದ ಮುಂದ ಜಗ್ಗ್ರಿ, ಅಷ್ಟ.”

ಅವ್ವ ಸೆರಗು ಸಿಕ್ಕಿಸಿಕೊಂಡು ಹತ್ತಿ ಜಗ್ಗಿದಳು. ಮೂರನೆಯ ಸಲಕ್ಕೇ ಕೆಳಗಿನಿಂದ “ಸಿಕ್ಕಿತು” ಎಂಬ ದನಿ ಬಂತು. ಹಸನಸಾಬ ನನ್ನನ್ನು ಕರೆದು ನನ್ನ ಅಂಗೈಯನ್ನು ಆ ಕೂಡಿಕೆಯ ಮೇಲೆ ಇಟ್ಟ. ಒಂದು ರಾಡು ಹೊರಳುತ್ತಿತ್ತು, ಅದಕ್ಕೆ ಕೂಡಿದ್ದು ಸುಮ್ಮನೆ ಇರುತ್ತಿತ್ತು, ಆಮೇಲೆ ತಟ್ ಎಂದು ಅದರ ಹಿಂದೆ ಹೋಗುತ್ತಿತ್ತು. ಅಪ್ಪ ಕುಳಿತಾಗ ಇದು ಯಾಕೆ ಸಿಗಲಿಲ್ಲ ಎಂದು ನಾನು ಕೇಳಿದೆ. ವರ್ಷಗಟ್ಟಲೆ ಇದೇ ಗಾಡಿ ಹೊಡೆದು ಅಪ್ಪನ ಕೈ ಸಡಿಲನ್ನು ಯಾವಾಗಲೂ ಒಂದು ಬದಿಗೆ ಒತ್ತಿ ಹಿಡಿಯುವುದನ್ನು ಕಲಿತಿದೆ, ಅಲುಗಿಸು ಅಂದರೂ ಆ ಒತ್ತು ಬಿಡದೆಯೇ ಅಲುಗಿಸುತ್ತದೆ, ಅದು ಅವನಿಗೇ ಗೊತ್ತಿಲ್ಲ ಎಂದು ಹಸನಸಾಬ ಹೇಳಿದ. ಅಪ್ಪ ಎರಡೂ ಕೈಗಳನ್ನು ತಿರುವಿ ನೋಡಿಕೊಂಡ. ಅವನಿಗೆ ಸಮಾಧಾನವಾಯಿತೋ ಅವಮಾನವಾಯಿತೋ ನನಗೆ ತಿಳಿಯಲಿಲ್ಲ.

ಆ ಕೂಡಿಕೆಗೆ ಹುಬ್ಬಳ್ಳಿಯಿಂದ ಹೊಸ ಬಾಲ್ ಜಾಯಿಂಟು ಬಂತು. ಜಾಕು ಏರಿಸಿ ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಗಾಲಿ ಎಡಕ್ಕೆ ಬಲಕ್ಕೆ ಹೊರಳುವ ಕಿಂಗ್ ಪಿನ್ನಿನ ಬುಶ್ಶುಗಳೂ ಸವೆದದ್ದು ಕಂಡಿತು, ಅವನ್ನೂ ಬದಲಿಸಿದರು. ಅಪ್ಪ ಬಿಗಿ ಮಾಡಿದ್ದ ತಿರುಪನ್ನು ಹಸನಸಾಬ ಮತ್ತೆ ಹದಕ್ಕೆ ತಂದ. ಎರಡು ದಿನ ಓಣಿಯ ತುಂಬ ಅದೇ ಚಿಮಣಿ ಎಣ್ಣೆ, ಗ್ರೀಸಿನ ವಾಸನೆ. ಮೂರನೆಯ ದಿನ ಅಪ್ಪ ತೆಂಗಿನಕಾಯಿ ಒಡೆದು ಖಾಲಿ ಲಾರಿಯನ್ನು ಕುರ್ತಕೋಟಿಯ ಹಾದಿಗೆ ಒಯ್ದ. ಮಧ್ಯಾಹ್ನಕ್ಕೆ ಬಂದಾಗ ಎಡಗಡೆಯ ಗಾಲಿಗಳಿಗೆ ಎರಿಮಣ್ಣು ಮೆತ್ತಿತ್ತು. ಸಡಿಲು ಹೋದ ಮೇಲೂ ಅವನ ಕೈ ಸಡಿಲಿನ ಲೆಕ್ಕದಲ್ಲೇ ತಿರುಗಿತ್ತು. ಲಾರಿ ಹಿಂದೆಂದಿಗಿಂತ ಹೆಚ್ಚು ಓಲಾಡಿ ರಸ್ತೆ ಬಿಟ್ಟು ಹೊಲಕ್ಕೆ ಇಳಿದಿತ್ತು.

ಅವ್ವ ನೀರಿನ ತಂಬಿಗೆ ಕೊಡುತ್ತ ಅವನ ಹತ್ತಿರ ಬೇಕಿದ್ದಕ್ಕಿಂತ ಸ್ವಲ್ಪ ಹೆಚ್ಚು ಬಾಗಿದಳು. ಉಸಿರು ಮೂಸಿದಳು ಎಂದು ನನಗೆ ಆಗ ಹೊಳೆಯಲಿಲ್ಲ. ಅಪ್ಪನಿಗೆ ಹೊಳೆಯಿತು.

“ಈಗ ಗಾಡಿ ಸುದ್ದ ಆಗೇತೆಲ್ರಿ,” ಅಂದಳು ಅವ್ವ. “ಖರೆ ಹೇಳ್ರಿ. ಮಂದಿ ಅನ್ನೂದು ಖರೆ ಏನು?”

“ನೀನೂ ಪ್ಯಾಟಿ ಮಂದಿಯಂಗ ಮಾತಾಡಾಕತ್ತಿ?”

ಆ ದಿನ ಅಪ್ಪ ಉಣ್ಣಲಿಲ್ಲ. ಆಗ ನನಗೆ ಎಲ್ಲ ತಲೆಕೆಳಗಾಗಿ ಕಂಡಿತ್ತು. ಕೆಟ್ಟ ಗಾಡಿಯನ್ನು ಅಷ್ಟು ವರ್ಷ ಒಮ್ಮೆಯೂ ಹೊಲಕ್ಕೆ ಇಳಿಸದವನು ನೆಟ್ಟಗಿನ ಗಾಡಿಯನ್ನು ಯಾಕೆ ಇಳಿಸಿದ? ಹಸನಸಾಬ ಬಂದು, ಗಾಡಿ ರಿಪೇರಿ ಆಯಿತು, ಇನ್ನು ಕೈ ರಿಪೇರಿ ಆಗಬೇಕು, ಎಂಟು ದಿನ ಖಾಲಿ ಗಾಡಿ ಹೊಡೆಯಲಿ ಎಂದು ಅವ್ವನಿಗೆ ಹೇಳಿ ಹೋದ. ಅವಳು ಹೂಂ ಅಂದಳು, ನಂಬಿದಳೋ ಇಲ್ಲವೋ. ಅಪ್ಪ ದಿನಾ ಮುಂಜಾನೆ ಸೊರಟೂರಿನ ತನಕ ಹೋಗಿ ಬಂದ. ಗಾಲಿಗಳಿಗೆ ಮಣ್ಣು ಹತ್ತಿದೆಯೇ ಎಂದು ಅವ್ವನೂ ನಾನೂ ಬೇರೆ ಬೇರೆಯಾಗಿ, ಒಬ್ಬರಿಗೊಬ್ಬರು ತಿಳಿಯದಂತೆ ನೋಡಿದೆವು.

ಒಂಬತ್ತನೆಯ ದಿನ ಅಪ್ಪ ಲಕ್ಷ್ಮೇಶ್ವರಕ್ಕೆ ಹೊರಟಾಗ ಅವ್ವ ಹೊಸ ಇಳಕಲ್ ಸೀರೆ ಉಟ್ಟು ನನ್ನ ಕೈ ಹಿಡಿದುಕೊಂಡು ಬಂದಳು. ತಾನೂ ಬರುವುದಾಗಿ ಹೇಳಿ, ಅವನು ಉತ್ತರ ಕೊಡುವ ಮೊದಲೇ ಹತ್ತಿ ಕುಳಿತಳು. ಎರಡೂ ಬದಿಗೆ ಕರಿಯ ಹೊಲ, ಮೇಲೆ ಬಿಸಿಲು. ಎದುರಿಗೆ ಬಸ್ಸು ಬಂದಾಗಲೆಲ್ಲ ಅಪ್ಪ ಗಾಡಿಯ ವೇಗ ತಗ್ಗಿಸುತ್ತಿದ್ದ. ಅವ್ವ ಮುಂದೆ ನೋಡುತ್ತ ನೆಟ್ಟಗೆ ಕುಳಿತಿದ್ದಳು, ದೇವರ ಗುಡಿಯಲ್ಲಿ ಕುಳಿತ ಹಾಗೆ. ಲಕ್ಷ್ಮೇಶ್ವರದ ಪೇಟೆಯ ನಡುವಿನಿಂದ ಲಾರಿ ಗೆರೆ ಎಳೆದಂತೆ ಹೋಗಿ ಅಡತಿ ಅಂಗಡಿಯ ಮುಂದೆ ನಿಂತಿತು. ಸಾವಕಾರ ಹೊರಗೆ ಬಂದು ಅಪ್ಪನನ್ನು ನೋಡಿದ, ಅವನ ಪಕ್ಕದಲ್ಲಿದ್ದ ಹೆಂಡತಿಯನ್ನೂ ಮಗಳನ್ನೂ ನೋಡಿದ. ಏನನ್ನೂ ಕೇಳದೆ ಚೀಲ ಹೇರಲು ಹಮಾಲರಿಗೆ ಕೈ ಮಾಡಿದ.

ಅಪ್ಪ ಸ್ಟೇರಿಂಗಿನಿಂದ ಕೈ ತೆಗೆಯದೆ ಅವ್ವನ ಕಡೆ ಹೊರಳಿದ.

“ಅಂಜಿದ್ಯೇನು?”

“ಇಲ್ರಿ,” ಅಂದಳು ಅವ್ವ.

ಅಪ್ಪ ನಕ್ಕ. ಎಷ್ಟೋ ದಿನದ ಮೇಲೆ ನಕ್ಕಿದ್ದ. ಮುಂದೆ ಹತ್ತು ವರ್ಷ ಅದೇ ಹಾದಿಯಲ್ಲಿ ಅದೇ ಲಾರಿ ಹೊಡೆದ, ಆ ಒಂದು ಮಾತಿನ ಬಲದ ಮೇಲೆ ಎಂದು ನನಗೆ ಅನ್ನಿಸುತ್ತದೆ. ಬೆಟಗೇರಿಯಿಂದ ಲಕ್ಷ್ಮೇಶ್ವರದವರೆಗೆ ಅವ್ವ ಹಿಡಿದಿದ್ದ ನನ್ನ ಮುಂಗೈಯಲ್ಲಿ ಅವಳ ಉಗುರುಗಳು ಊರಿ ರಕ್ತ ಜಿನುಗಿತ್ತು. ಅಪ್ಪನಿಗೆ ಕಾಣಬಾರದೆಂದು ನಾನು ಆ ಕೈಯನ್ನು ಲಂಗದ ನೆರಿಗೆಯೊಳಗೆ ಮುಚ್ಚಿಕೊಂಡೆ. ಅವಳು ನಂಬಿ ಹತ್ತಿದಳೋ, ನಂಬದೆಯೇ ಹತ್ತಿದಳೋ ಎಂದು ಒಂದು ದಿನ ಕೇಳಬೇಕೆಂದಿದ್ದೆ. ಅಪ್ಪ ಹೋದ ಮೇಲೆ ಕೇಳಿದರಾಯಿತು ಅಂದುಕೊಂಡೆ. ಆಮೇಲೆ ಅವಳೂ ಹೋದಳು.