ಉಮ್ಮನಿಗೆ ಕಾಣುವ ಸಂಗೀತ

ಮೊನ್ನೆ ಮೊಬೈಲ್ ರಿಪೇರಿಗೆಂದು ಮಂಜೇಶ್ವರದ ಅಂಗಡಿಯೊಂದಕ್ಕೆ ಹೋಗಿದ್ದಾಗ ಬೆಸುಗೆಯ ಹೊಗೆ ಮೂಗಿಗೆ ಬಡಿಯಿತು. ಹಿಂದೆ ನಮ್ಮ ಬಾಡಿಗೆ ಮನೆಯ ಮಹಡಿಯಲ್ಲಿದ್ದವರ ಕೋಣೆಗೂ ಇದೇ ವಾಸನೆಯಿತ್ತು. ಅವರ ತಂಗಿಯರು ಅಣ್ಣನನ್ನು ಕರೆಯುವಂತೆ ನಾನೂ ಅವರನ್ನು ಇಚ್ಚ ಎಂದೇ ಕರೆಯುತ್ತಿದ್ದೆ. ಹತ್ತಿರದ ಶಾಲೆಯಲ್ಲಿ ಕಲಿಸುತ್ತಿದ್ದ ನಾನು ಅವರಿಗೆ ಟೀಚರ್.

ಮಧ್ಯಾಹ್ನದವರೆಗೆ ಅವರು ಮಂಗಳೂರಿನ ಒಂದು ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಕಂಪ್ಯೂಟರ್ ಆಟಗಳಲ್ಲಿ ಕಾಣುವ ನೀರಿಗೆ ಪ್ರೋಗ್ರಾಂ ಬರೆಯುವ ಕೆಲಸ. ಅಲೆ ಹೇಗೆ ಮಗುಚಬೇಕು, ಬಿಸಿಲು ಎಲ್ಲಿ ಮಿನುಗಬೇಕು... ಊಟವಾದ ಮೇಲೆ ಪರದೆ ಆರಿಸಿ, ತಾವೇ ತಂತಿ ಬೆಸೆದು ಕಟ್ಟಿದ ಪೆಟ್ಟಿಗೆಗಳ ಮುಂದೆ ಕೂರುತ್ತಿದ್ದರು. ಗುಂಡಿ ತಿರುಗಿಸಿದರೆ ಗುಂಯ್‌ಗುಡುವ, ತೊಟ್ಟಿಕ್ಕುವ ಸದ್ದುಗಳು. ಅದು ಅವರ ಸಂಗೀತ. ಕೆಲಸ, ಸಂಗೀತ ಎರಡನ್ನೂ ಒಂದಕ್ಕೊಂದು ತಾಗಲು ಬಿಡುತ್ತಿರಲಿಲ್ಲ. “ಬೆರೆಸಿದ್ರೆ ಎರಡೂ ಕೆಡ್ತದೆ ಟೀಚರೇ” ಎಂದಿದ್ದರು ಒಮ್ಮೆ.

ಜೊತೆಗಿದ್ದವರು ಅವರ ತಾಯಿ, ಉಮ್ಮ. ವಯಸ್ಸಾಗಿ ಕಿವಿ ಪೂರ್ತಿ ಹೋಗಿತ್ತು. ತುಟಿ ನೋಡಿ ಮಾತು ತಿಳಿಯುತ್ತಿದ್ದರು. ಇಡೀ ದಿನದ ಕೆಲಸಕ್ಕೆ ಬರದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂದು ಕಂಪನಿಯವರು ಹೇಳಿದಾಗ ಉಮ್ಮ ಮೆಟ್ಟಿಲಿಳಿದು ನನ್ನಲ್ಲಿಗೆ ಬಂದರು.

“ನೀವಾದ್ರೂ ಹೇಳಿ ಟೀಚರೇ. ಮಧ್ಯಾಹ್ನ ಮೇಲೆ ಅವನಿಗೆ ಎಂತ ಕೆಲಸ ಉಂಟು? ಗುಂಡಿ ತಿರುಗಿಸಿ ತಲೆ ಆಡಿಸ್ತಾನೆ.”

ಅದನ್ನು ಹಾಗೆಯೇ ಇಚ್ಚನಿಗೆ ತಿಳಿಸಿದೆ. ಅವರು ನಗಲಿಲ್ಲ. “ಉಮ್ಮನಿಗೆ ನಾನು ಸುಮ್ಮನೆ ಕೂತ ಹಾಗೆಯೇ ಕಾಣುದಲ್ವಾ...” ಎಂದಷ್ಟೇ ಅಂದರು.

ಸ್ವಲ್ಪ ದಿನ ಕಳೆದು ನನ್ನನ್ನೂ ಮೇಲೆ ಕರೆದರು. ಪೆಟ್ಟಿಗೆಗಳನ್ನು ಕಂಪ್ಯೂಟರಿಗೆ ಜೋಡಿಸಿ, ಉಮ್ಮನನ್ನು ಪರದೆಯ ಎದುರು ಕೂರಿಸಿದ್ದರು. ಇಚ್ಚ ಗುಂಡಿ ತಿರುಗಿಸಿದಂತೆ ಪರದೆಯಲ್ಲಿ ನೀರು ಏಳತೊಡಗಿತು. ತಗ್ಗಿನ ಸ್ವರಕ್ಕೆ ದೊಡ್ಡ ಅಲೆಯೊಂದು ನಿಧಾನವಾಗಿ ಉಬ್ಬಿತು. ಸಣ್ಣ ಸ್ವರಗಳು ಅದರ ಮೈಮೇಲೆ ಬೆಳಕಿನ ಹನಿಗಳಾಗಿ ಬಿದ್ದವು. ಸದ್ದು ನಿಂತಾಗ ನೀರೂ ಸಪಾಟಾಯಿತು. ನಾನು ಕೇಳಿದ್ದನ್ನೇ ಉಮ್ಮ ನೋಡಿದ್ದರು. ಆಮೇಲೆ ಮಗನ ತೋಳು ಹಿಡಿದು ಬ್ಯಾರಿ ಭಾಷೆಯಲ್ಲಿ ಕೇಳಿದರು, “ಇಷ್ಟು ಸಮಯ ನೀನು ಮಾಡ್ತಾ ಇದ್ದದ್ದು ಇದಾ?”

ಇಚ್ಚ ಹೌದೆಂದು ತಲೆಯಾಡಿಸಿದರು.

“ಹಾಗಾದ್ರೆ ಬಿಡಬೇಡ.”

ಇಚ್ಚ ಇಡೀ ದಿನದ ಕೆಲಸ ಒಪ್ಪಲಿಲ್ಲ. ಕಂಪನಿ ಬೇರೆಯವರನ್ನು ನೋಡಿಕೊಂಡಿತು. ಅಲ್ಲಿ ಇಲ್ಲಿ ಸಿಕ್ಕ ಬಿಡಿ ಕೆಲಸಗಳಲ್ಲಿ ಮನೆ ಸಾಗಿತು. ಮಧ್ಯಾಹ್ನದ ಮೇಲೆ ಉಮ್ಮ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂರುತ್ತಿದ್ದರು. ಅಲೆ ಇನ್ನೂ ಸ್ವಲ್ಪ ಮೇಲೇಳಲಿ ಎಂದು ಕೈಸನ್ನೆ ಮಾಡುವುದೂ ಇತ್ತು...

ಉಮ್ಮ ತೀರಿಕೊಂಡ ಮೇಲೆ ಇಚ್ಚ ಮನೆ ಖಾಲಿ ಮಾಡಿ ಕೊಚ್ಚಿಯ ಕಂಪನಿಯೊಂದಕ್ಕೆ ಸೇರಿದರು. ಇಡೀ ದಿನದ ಕೆಲಸ. ಆಮೇಲೆ ನಮ್ಮ ನಡುವೆ ಮಾತು ಹೆಚ್ಚಿರಲಿಲ್ಲ.

ಮೊನ್ನೆ ಅಂಗಡಿಯಿಂದ ಬಂದು ಸಂಜೆ ಇಚ್ಚನಿಗೆ ಫೋನ್ ಮಾಡಿದೆ. ಈಗಲೂ ಆಟಗಳ ನೀರೇ ಮಾಡುತ್ತಾರಂತೆ. ಸಂಗೀತ ಉಂಟಾ ಎಂದು ಕೇಳಿದೆ.

“ಇಲ್ಲ. ಯಾರುಂಟು ಟೀಚರೇ, ನೋಡ್ಲಿಕ್ಕೆ?”

“ಕೇಳ್ಲಿಕ್ಕೆ ನಾನಿದ್ದೇನಲ್ಲ” ಎಂದೆ.

ಅವರು ಮಾತು ತಿರುಗಿಸಿ, ಊರಲ್ಲಿ ಮಳೆ ಶುರುವಾಯಿತಾ ಎಂದು ವಿಚಾರಿಸಿದರು.