ಡ್ಯಾಕ್ ತಂದರೂ ಬಾರದ ಗುಂಯ್

ನನ್ನ ಕೈ ಸುಮ್ಮನಿರುವಂಥದ್ದಲ್ಲ. ಹಾಡೊಂದು ಮುಗಿಯುವುದರೊಳಗೆ ನಾಲ್ಕಾರು ಸಲ ಎದ್ದು ವೈರು ಕಿತ್ತು ಚುಚ್ಚುತ್ತೇನೆ, ಸ್ಪೀಕರನ್ನು ಗೋಡೆಯಿಂದ ಗೇಣು ಈಚೆಗೆ ಎಳೆಯುತ್ತೇನೆ. ಚಾಮರಾಜನಗರದ ನಮ್ಮ ಮನೆಯಲ್ಲಿ ಈಚೆಗೆ ದಿನಾ ಇದೇ ರಾಮಾಯಣ.

ಕಾರಣ, ತೆರಕಣಾಂಬಿಯಲ್ಲಿರುವ ನನ್ನ ಅಣ್ಣನ ಕಂಸಾಳೆ. ಅವನೂ ಜೊತೆಗಾರರೂ ಮಾದಪ್ಪನ ಪದ ಹಾಡಿದ್ದನ್ನು ಕೆಲವು ವರ್ಷಗಳ ಹಿಂದೆ ನಾನೇ ರೆಕಾರ್ಡ್ ಮಾಡಿಕೊಂಡಿದ್ದೆ. ಪದ ಮುಗಿದ ಮೇಲೆ ಕಂಚಿನ ಬಟ್ಟಲು ಸಣ್ಣಗೆ ಗುಂಯ್ ಅನ್ನುತ್ತಾ ಕರಗುವುದಿತ್ತಲ್ಲ, ಅದಕ್ಕಾಗಿಯೇ ಮತ್ತೆ ಮತ್ತೆ ಕೇಳುತ್ತಿದ್ದೆ. ಈಗ ಆ ಗುಂಯ್ ನಾಪತ್ತೆ. ಏಟು ಕೇಳುತ್ತದೆ, ಅದರ ಬಾಲ ಇಲ್ಲ. ಅಳು ಬರುವಷ್ಟು ಸಿಟ್ಟು ಬರುತ್ತಿತ್ತು.

ತಪ್ಪೆಲ್ಲ ಲ್ಯಾಪ್‌ಟಾಪಿನದೇ ಎಂದು ತೀರ್ಮಾನಿಸಿದೆ. ಅದರೊಳಗಿನ ಅಂಕಿಗಳನ್ನು ಸದ್ದಾಗಿಸುವ ಕೆಲಸವನ್ನು ಹೊರಗೇ ಮಾಡುವ, ಡ್ಯಾಕ್ ಎಂಬ ಪುಟ್ಟ ಪೆಟ್ಟಿಗೆ ತರಿಸಿದೆ. ಸುಳ್ಳು ಹೇಳಬಾರದು, ಲ್ಯಾಪ್‌ಟಾಪಿನ ಗೊರ್ ಎನ್ನುವ ಗೊಣಗಾಟ ನಿಂತಿತು. ಪದಕ್ಕೆ ತಾಳ ಹಿಡಿಯುವ ಚರ್ಮವಾದ್ಯ ದಮ್ಮಡಿಯ ಏಟು ಎದೆಗೇ ತಾಗಿತು. ಕೊಟ್ಟ ದುಡ್ಡಿಗೆ ಮೋಸವಿಲ್ಲ. ಗುಂಯ್ ಮಾತ್ರ ಬರಲಿಲ್ಲ. ಇನ್ನೂ ದುಬಾರಿಯದನ್ನು ಹುಡುಕತೊಡಗಿದೆ.

"ಗುಂಯ್ ಅಂತ ಬತ್ತಾ ಅದೆಯಲ್ರೀ, ಮೊದಲಿಂದ್ಲೂ ಅಂಗೇ ಅದೆ," ಎಂದಳು ಹೆಂಡತಿ. "ಟಿವಿನೂ ಬೀದಿಗೆಲ್ಲ ಕೇಳೋ ಅಂಗೆ ಇಡ್ತೀರಿ. ಕಿವಿ ತೋರ್ಸ್ಕಳಿ."

ಅರ್ಧ ಆಯಸ್ಸನ್ನು ಕರಿಕಲ್ಲು ಕೊಯ್ಯುವ ಫ್ಯಾಕ್ಟರಿಯ ಗರಗಸದ ಸದ್ದಿನಲ್ಲೇ ಕಳೆದ ನನಗೆ ಈ ಮಾತು ಮೈ ಉರಿಸಿತು. "ನಿನಗೇನು ಗೊತ್ತು" ಎಂದು ರೇಗಿ, ಪೆಟ್ಟಿಗೆಯನ್ನೂ ಲ್ಯಾಪ್‌ಟಾಪನ್ನೂ ಚೀಲಕ್ಕೆ ತುಂಬಿ ಗುಂಡ್ಲುಪೇಟೆ ಬಸ್ ಹತ್ತಿದೆ. ಬಟ್ಟಲಿನ ಸದ್ದು ಬಲ್ಲ ಅಣ್ಣನೇ ನ್ಯಾಯ ಹೇಳಲಿ ಎಂಬ ಹಟ. ತೆರಕಣಾಂಬಿ ಬರುವವರೆಗೂ ಸೀಟಿನಲ್ಲಿ ನೆಟ್ಟಗೆ ಕೂರಲಾಗಲಿಲ್ಲ.

ಅಣ್ಣ ಪೆಟ್ಟಿಗೆಯ ಕಡೆ ನೋಡಲೂ ಇಲ್ಲ. "ಅದ್ಯಾತಕ್ಲಾ? ಬಟ್ಲೇ ಇಲ್ಲಿ ಅದೆಯಲ್ಲ," ಎಂದು ಕಂಸಾಳೆ ಎತ್ತಿಕೊಂಡು ಒಂದೇ ಏಟು ಹೊಡೆದ. ನಮ್ಮ ಮನೆತನದಲ್ಲೊಂದು ಕಟ್ಟುಪಾಡಿದೆ. ನಾದ ಪೂರ್ತಿ ನಿಲ್ಲುವವರೆಗೂ ಬಟ್ಟಲನ್ನು ಕೆಳಗಿಡುವಂತಿಲ್ಲ, ಬೇರೆಯವರು ಅದನ್ನು ಮುಟ್ಟುವಂತಿಲ್ಲ, ಯಾರೂ ಮಾತಾಡುವಂತಿಲ್ಲ.

ಏಟು ಕೇಳಿತು. ಆಮೇಲೆ ಏನೂ ಇಲ್ಲ. ಅಣ್ಣ ಮಾತ್ರ ಕೈ ಇಳಿಸಲಿಲ್ಲ. ಸೆರಗಿಗೆ ಕೈ ಒರೆಸುತ್ತಾ ಬಂದ ಅತ್ತಿಗೆ ಬಾಗಿಲಲ್ಲೇ ನಿಂತುಬಿಟ್ಟಿದ್ದರು. ಇಬ್ಬರೂ ಸೇರಿ ನನ್ನನ್ನು ಆಡಿಸುತ್ತಿದ್ದಾರೆ ಅನ್ನಿಸಿತು.

"ಸಾಕು, ಇಳಿಸಣ್ಣ," ಎಂದೆ.

ಅಣ್ಣ ಕಣ್ಣಲ್ಲೇ ಗದರಿದ. ಮರುಗಳಿಗೆ ನನ್ನ ಮುಖ ನೋಡಿ ಅವನ ಮುಖ ಸಣ್ಣದಾಯಿತು.

"ಇನ್ನೂ ನಿಂತಿಲ್ಲ ಕಣ್ಲಾ," ಎಂದ ಮೆಲ್ಲಗೆ. ಕಟ್ಟುಪಾಡು ಮುರಿದು, ನನ್ನ ಬೆರಳು ಹಿಡಿದು ಬಟ್ಟಲಿನ ಅಂಚಿಗೆ ಮುಟ್ಟಿಸಿದ.

ಅದು ನಡುಗುತ್ತಿತ್ತು.