ದೀಪ ಉಂಡ ಹಗೇವು

ಮೈಮೇಲೆ ಬರುವುದು, ಗಾಳಿ ಸೋಕುವುದು, ಸತ್ತವರು ಬಂದು ಮಾತಾಡಿಸುವುದು, ಇಂಥದ್ದನ್ನೆಲ್ಲ ನಂಬುವ ಪೈಕಿಯವಳಲ್ಲ ನಾನು. ಶಿಗ್ಗಾವಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ನಂಬದಿರುವುದಕ್ಕೇ ನಿನಗೆ ಪಗಾರ ಕೊಡುತ್ತಾರೆ ಎಂದು ನನ್ನ ಗಂಡ ಚೇಷ್ಟೆ ಮಾಡುವುದುಂಟು. ಯಾರಾದರೂ ದೆವ್ವದ ಕಥೆ ಶುರುಮಾಡಿದರೆ ನಡುವೆಯೇ ಎದ್ದು ಚಹಾಕ್ಕೆ ಇಡಲು ಹೋಗಿಬಿಡುತ್ತಿದ್ದೆ. ಈಗ ಹಾಗೆ ಏಳುವುದಿಲ್ಲ, ಕೂತು ಪೂರ್ತಿ ಕೇಳುತ್ತೇನೆ. ನನ್ನದೇ ಒಂದು ಕಥೆ ಇಟ್ಟುಕೊಂಡು ಇನ್ನೊಬ್ಬರದ್ದಕ್ಕೆ ಎದ್ದುಹೋಗಲು ನಾಚಿಕೆಯಾಗುತ್ತದೆ.

ಆಗ ನಾವು ಎಂಟು ಮಂದಿ ಶಿಗ್ಗಾವಿಯ ಬಾಡಿಗೆ ಮನೆಯೊಂದರ ಮೂರು ಖೋಲಿಗಳಲ್ಲಿ ಇದ್ದೆವು. ನನ್ನ ಗಂಡನ ಅಣ್ಣ, ಅಂದರೆ ಭಾವನವರು, ಅವರ ಹೆಂಡತಿ ಶಾಂತಕ್ಕ, ಅವರ ಇಬ್ಬರು ಮಕ್ಕಳು, ನಾವಿಬ್ಬರು, ನಮ್ಮ ಇಬ್ಬರು ಮಕ್ಕಳು. ಮನೆಯ ಮಾಲೀಕರು ಜಾಗ ಬಿಡಿ ಎಂದಿದ್ದರು. ದೊಡ್ಡ ಮನೆ ಸಿಗದಿದ್ದರೆ ಎರಡು ಸಣ್ಣ ಮನೆ ಹಿಡಿದು ಒಲೆ ಬೇರೆ ಮಾಡಿಕೊಳ್ಳುವುದೊಂದೇ ದಾರಿ. ಅಣ್ಣತಮ್ಮಂದಿರ ಹೆಂಡಂದಿರು, ನೆಗೆಣ್ಣಿಯರು, ಬೇರೆಯಾಗಲು ಕಾದಿರುತ್ತಾರೆ ಎನ್ನುತ್ತಾರೆ, ಕಾದಿರುವವರು ಇರಬಹುದು. ಶಾಂತಕ್ಕನ ಕೈಯ ರೊಟ್ಟಿ ಇಲ್ಲದ ಊಟ ನನಗೆ ಊಟವಲ್ಲ. ಅವಳ ಮಕ್ಕಳಿಗೆ ನಾನು ಪಕ್ಕದಲ್ಲಿ ಕೂರದೆ ಲೆಕ್ಕ ಬಿಡಿಸಲು ಬರುವುದಿಲ್ಲ. ನಾವಿಬ್ಬರೂ ಒಬ್ಬರಿಗೊಬ್ಬರು ಗೊತ್ತಾಗದಂತೆ ಅತ್ತಿದ್ದೆವು.

ಅಂಥ ಹೊತ್ತಿನಲ್ಲಿ ಸವಣೂರಿನ ಕಡೆ, ರಸ್ತೆಯಿಂದ ಒಳಗೆ ಕುರುಚಲು ಅಡವಿಯ ಏರಿನಲ್ಲಿ ಒಂದು ಮನೆ ಮಾರಾಟಕ್ಕಿದೆ ಎಂದು ಗೊತ್ತಾಯಿತು. ಸವಣೂರಿನಲ್ಲಿ ವೀಳ್ಯದೆಲೆಯ ವ್ಯಾಪಾರ ಮಾಡುವ ಖಾದರಸಾಬರದ್ದು. ಅಣ್ಣತಮ್ಮಂದಿರೆಲ್ಲ ಅಂಗಡಿಗೆ ಹತ್ತಿರವೇ ಮನೆ ಕಟ್ಟಿಕೊಂಡು, ಇದರ ಬಾಗಿಲು ಹಾಕಿ ನಾಲ್ಕೈದು ವರ್ಷವಾಗಿತ್ತಂತೆ.

ಹೊರಡುವ ಮುಂಜಾನೆ ಭಾವನವರು ನನ್ನ ಗಂಡನನ್ನು ಕರೆದು, “ಮನಿ ಎಷ್ಟ ಚಲೋ ಇದ್ರೂ ಅವರ ಮುಂದ ಹೊಗಳಬ್ಯಾಡ. ಮಾರಿ ಸಪ್ಪಗ ಇಟ್ಕೊಂಡ ಅಡ್ಡಾಡ್ರಿ. ನಿನ್ನ ಹೇಣ್ತಿಗೂ ಹೇಳು,” ಎಂದರು. ನಾನು ಎರಡು ಮಾರು ದೂರದಲ್ಲೇ ನಿಂತಿದ್ದೆ. ನಮ್ಮ ಮನೆಯ ರೂಢಿಯೇ ಹಾಗೆ. ಭಾವನವರ ಎದುರಿಗೆ ಸೆರಗು ತಲೆಯ ಮೇಲಿರಬೇಕು, ಮಾತು ಗಂಡನ ಮೂಲಕವೇ ಹೋಗಬೇಕು. ಶಾಲೆಯಲ್ಲಿ ಅರವತ್ತು ಹುಡುಗರನ್ನು ಒಂದೇ ಕೂಗಿಗೆ ಕೂರಿಸುವ ನಾನು, ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಅವರಿಗೆ ನೇರವಾಗಿ ಹನ್ನೆರಡು ಮಾತು ಆಡಿರಲಿಲ್ಲ. ಯಾರೂ ಹೇರಿದ್ದಲ್ಲ, ನಡೆದುಕೊಂಡು ಬಂದಿತ್ತು.

ಮುಖ ಸಪ್ಪಗಿಟ್ಟುಕೊಳ್ಳುವುದು ಮಾತ್ರ ನನ್ನ ಕೈಲಾಗಲಿಲ್ಲ. ಕವಳಿ, ಬಾರಿ, ಜಾಲಿಯ ಪೊದೆಗಳ ನಡುವಿನ ದಾರಿ ಮುಗಿಯುವಲ್ಲಿ ಆ ಮನೆ ಕೈಕಾಲು ಚಾಚಿ ಆರಾಮಾಗಿ ಕೂತಿತ್ತು. ಸುತ್ತಲೂ ತಂಗಡಿ ಹಳದಿಯಾಗಿ ಹೂಬಿಟ್ಟಿತ್ತು. ಒಳಗೆ ಎಂಟೂ ಜನ ಸಾಲಾಗಿ ಉಣ್ಣಲು ಕೂತರೂ ಅಡ್ಡಾಡಲು ಜಾಗ ಉಳಿಯುವ ಪಡಸಾಲೆ, ಸಾಗವಾನಿಯ ಎಂಟು ಕಂಬ, ಎಡಬಲಕ್ಕೆ ಆರು ಖೋಲಿ. ಅಡಿಗೆಮನೆಯಲ್ಲಿ ಎರಡು ಒಲೆ ಜೋಡಿಯಾಗಿ ಹಾಕಿದ್ದರು, ಇಬ್ಬರು ಮಾತಾಡುತ್ತ ಅಡಿಗೆ ಮಾಡುವ ಹಾಗೆ. ನಾನೂ ಶಾಂತಕ್ಕನೂ ಅವನ್ನು ನೋಡಿ ಒಬ್ಬರ ಕೈ ಒಬ್ಬರು ಹಿಡಿದುಕೊಂಡೆವು. ಯಾವ ಕಿಟಕಿ ತೆರೆದರೂ ಹಸಿರು, ಗಾಳಿ, ಬೆಳಕು. ಕಟ್ಟಿದವರಿಗೆ ಮನುಷ್ಯರ ಮೇಲೆ ಪ್ರೀತಿ ಇತ್ತು ಎಂದು ಆ ಮನೆ ನೋಡಿದರೆ ತಿಳಿಯುತ್ತಿತ್ತು. ಭಾವನವರು ಮಾತ್ರ ಗೋಡೆ ತಟ್ಟುತ್ತ, “ಇಲ್ಲಿ ಸೀಳೈತಲ್ರಿ, ಈ ಕದಾ ಕುಂತೈತಲ್ರಿ,” ಎಂದು ಕೊಂಕು ತೆಗೆಯುತ್ತಿದ್ದರು. ಅವರ ಕಣ್ಣು ಬೇರೆಯದನ್ನೇ ಹೇಳುತ್ತಿತ್ತು.

ಮನೆಯ ಮುಂದಿನ ಅಂಗಳದಲ್ಲಿ ಹಗೇವು ಇತ್ತು, ನೆಲದೊಳಗೆ ಜೋಳ ತುಂಬಿಡುವ ಆಳದ ಕುಣಿ. ಮೇಲೆ ಒಬ್ಬರು ಇಳಿಯುವಷ್ಟೇ ಬಾಯಿ, ಅದರ ಮೇಲೆ ಕಲ್ಲು. ಭಾವನವರು ಒಕ್ಕಲುತನದವರೇ ಆದರೂ ಅವರ ಕಾಲಕ್ಕೆ ಕಾಳು ಚೀಲಕ್ಕೆ ಬಂದಿತ್ತು, ಹಗೇವು ಇಳಿದವರಲ್ಲ. ಹಾಗಂತ ಒಪ್ಪಿಕೊಳ್ಳುವವರೂ ಅಲ್ಲ. ಖಾದರಸಾಬರು ಹಿತ್ತಲಿನ ಬಾವಿ ತೋರಿಸಲು ನನ್ನ ಗಂಡನನ್ನು ಕರೆದುಕೊಂಡು ಹೋಗಿದ್ದಾಗ, ಒಳಗೆ ತೇವ ಇದೆಯೋ ನೋಡುತ್ತೇನೆಂದು ಹಾರೆ ಹಾಕಿ ಕಲ್ಲು ಸರಿಸಿದರು. ಧೋತರ ಮೇಲೆ ಕಟ್ಟಿದರು. ಬಾಯಿಯ ಅಂಚಿಗೆ ಕೂತು ಎರಡೂ ಕಾಲು ಒಳಗೆ ಇಳಿಬಿಟ್ಟರು.

ಇಲ್ಲಿಯವರೆಗಿನದು ನಾನು ಕಣ್ಣಾರೆ ಕಂಡದ್ದು. ಮುಂದಿನದನ್ನು ನಾನು ಕೇಳಿ ಬರೆಯುತ್ತಿದ್ದೇನೆ, ಮಾಡಿದವಳು ನಾನೇ ಆದರೂ.

ನನಗೆ ನೆನಪಿರುವುದು ಇಷ್ಟೇ. ಹೊಸ್ತಿಲ ಹೊರಗಿನ ಮೆಟ್ಟಿಲ ಮೇಲೆ ನಿಂತು ತಲೆಯೆತ್ತಿ ಮಾಡಿನ ತೊಲೆಗಳನ್ನು ನೋಡುತ್ತಿದ್ದೆ. ಎಲ್ಲೋ ನವಿಲು ಕೂಗಿತು. ಕಣ್ಣು ಇಳಿಸಿದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಭಾವನವರು ಹಗೇವಿನಿಂದ ಒಂದು ಮಾರು ದೂರ, ನೆಲದ ಮೇಲೆ ಕೈಯೂರಿ ಕೂತಿದ್ದರು. ಶಾಂತಕ್ಕ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ನನ್ನ ಗಂಡನ ಜೊತೆ ಮನೆಯ ಮೂಲೆ ತಿರುಗಿ ಬಂದ ಖಾದರಸಾಬರು ಅಲ್ಲೇ ಗೋಡೆ ಹಿಡಿದು ನಿಂತಿದ್ದರು. ನನ್ನ ತಲೆಯ ಮೇಲೆ ಸೆರಗು ಇರಲಿಲ್ಲ.

ನಾನು ಹೇಳಿದ್ದು ಇದಂತೆ: “ಏ ಹುಚ್ಚಪ್ಯಾಲಿ, ಮ್ಯಾಲ ಬಾ. ಅದು ಭಾಳ ದಿನದಿಂದ ಹಸದ ಕುಂತೈತಿ. ಮೊದ್ಲ ದೀಪಾ ಉಣ್ಲಿ.”

ದನಿ ನನ್ನದೇ, ಕೂಗಿದ್ದೂ ಅಲ್ಲವಂತೆ. ಮಗನಿಗೆ ಹೇಳುವ ಹಾಗೆ ಮೆತ್ತಗೆ ಹೇಳಿದೆನಂತೆ. ಭಾವನವರು ಕೂಡಲೇ ಕಾಲು ಮೇಲೆಳೆದುಕೊಂಡು ಸರಿದರಂತೆ. ಅವರಿಗೆ ಹುಚ್ಚಪ್ಯಾಲಿ ಅಂದವಳು ನಾನು. ಶಾಂತಕ್ಕ ಇದನ್ನು ಹೇಳುವಾಗ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು, ಅಲ್ಲಿ ಬಾಯಿ ಬಿಟ್ಟುಕೊಂಡೇ ಇತ್ತು ಅನ್ನಿ.

ಖಾದರಸಾಬರು ಮೂಲೆಯಿಂದಲೇ ಆ ಮಾತು ಕೇಳಿಸಿಕೊಂಡಿದ್ದರು. ಒಳಗೆ ಹೋಗಿ ಹಳೆಯ ಬಕೀಟು ತಂದರು. ಅದರಲ್ಲಿ ಮೇಣದ ಬತ್ತಿ ಹಚ್ಚಿಟ್ಟು ಹಗ್ಗ ಕಟ್ಟಿ ಹಗೇವಿನೊಳಗೆ ಇಳಿಸಿದರು. ಆಳುದ್ದ ಇಳಿಯುವುದರೊಳಗೆ ಬತ್ತಿ ಸಣ್ಣದಾಗಿ ಆರಿಹೋಯಿತು. ಮತ್ತೆ ಹಚ್ಚಿ ಇಳಿಸಿದರು, ಮತ್ತೆ ಆರಿತು. ಮೂರನೆಯ ಸಲ ಹಗ್ಗವನ್ನು ಭಾವನವರ ಕೈಗೇ ಕೊಟ್ಟರು. ಅದೂ ಆರಿತು. ಭಾವನವರು ಬಕೀಟು ಮೇಲೆಳೆದು ಬಹಳ ಹೊತ್ತು ಅದನ್ನೇ ನೋಡುತ್ತ ಕೂತರು. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ, ಇಳಿದವರು ತಿರುಗಿ ಬರುವುದಿಲ್ಲ ಎಂದು ಆಗ ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಆಮೇಲೆ ಖಾದರಸಾಬರು ನನ್ನ ಕಡೆ ತಿರುಗಿ, “ತಂಗಿ, ನೀವು ನಮ್ಮ ಅಮ್ಮಾನ್ನ ನೋಡಿದ್ರೇನು?” ಎಂದರು. ಇಲ್ಲ ಎಂದೆ. “ಹಗೇವು ತಗದಾಗೊಮ್ಮಿ ಅಕಿ ಅದ ಮೆಟ್ಟಲಾ ಮ್ಯಾಲ ನಿಂತ ಇದ ಮಾತ ಅಂತಿದ್ಲು. ಅದು ಹಸದೈತಿ, ಮೊದ್ಲ ದೀಪಾ ಉಣ್ಲಿ. ನಮ್ಮ ಮನಿ ಬಿಟ್ರ ಈ ಮಾತ ನಾ ಎಲ್ಲೂ ಕೇಳಿಲ್ರಿ.” ಅವರ ತಾಯಿ ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತು.

ನನ್ನ ಬುದ್ಧಿ ಸುಮ್ಮನೆ ಬಿಡಲಿಲ್ಲ. ಭಾರವಾದ ಗಾಳಿ ತಗ್ಗಿನಲ್ಲಿ ನಿಲ್ಲುತ್ತದೆ, ಅದರಲ್ಲಿ ದೀಪ ಆರುತ್ತದೆ ಎಂಬ ಪಾಠವನ್ನು ಅದೇ ವರ್ಷ ಮಾಡಿದ್ದೆ. ಒಳಮನಸ್ಸು ಅದನ್ನು ನೆನೆದು ಬಾಯಿಗೆ ತಂದಿರಬೇಕು ಎಂದುಕೊಂಡೆ. ಒಪ್ಪಬಹುದಾದ ಮಾತು. ಹಾಗಿದ್ದರೆ ಪಾಠದ ಮಾತೇ ಬರಬೇಕಿತ್ತಲ್ಲ, ಆ ಹಸಿವಿನ ಮಾತು ಎಲ್ಲಿಂದ ಬಂತು? ಚಿಕ್ಕವಳಿದ್ದಾಗ ಯಾರಿಂದಲಾದರೂ ಕೇಳಿದ್ದೆನೇನೋ ಎಂದು ತವರಿನ ಕಡೆ ರಟ್ಟೀಹಳ್ಳಿ, ಮಾಸೂರಿನಲ್ಲೆಲ್ಲ ಹಿರಿಯರನ್ನು ವಿಚಾರಿಸಿದೆ. “ಗಾಳಿ ಆಡಾಕ ಬಿಡ್ರಿ ಅಂತೇವಿ, ದೀಪಾ ಇಳಸ್ತೇವಿ. ಹಸದೈತಿ ಅಂತ ಯಾರೂ ಅನ್ನೂದಿಲ್ಲವಾ,” ಎಂದರು. ಅಲ್ಲಿಗೆ ನನ್ನ ವಿಜ್ಞಾನ ನಿಂತಿತು. ಇವತ್ತಿಗೂ ಅಲ್ಲೇ ನಿಂತಿದೆ.

ಆ ದಿನ ಹೊರಡುವಾಗ ಭಾವನವರು ತಮ್ಮ ಅಪ್ಪಣೆಯನ್ನು ತಾವೇ ಮುರಿದು, “ಸಾಬ್ರ, ಮನಿ ಭಾಳ ಚಲೋ ಐತ್ರಿ. ಇಂಥಾ ಮನಿ ನಾ ನೋಡಿಲ್ಲ,” ಎಂದರು. ಖಾದರಸಾಬರು ಅವರ ಎರಡೂ ಕೈ ಹಿಡಿದುಕೊಂಡರು. ಆ ವರ್ಷದ ಸುಗ್ಗಿಗೆ ಮುಂಚೆಯೇ ನಾವು ಇಲ್ಲಿಗೆ ಬಂದೆವು. ಈಗ ಜೋಡಿ ಒಲೆಯ ಮುಂದೆ ನಾನೂ ಶಾಂತಕ್ಕನೂ ದಿನಾ ಮಾತಾಡುತ್ತ ಅಡಿಗೆ ಮಾಡುತ್ತೇವೆ. ಭಾವನವರು ಆ ಮಾತಿನ ಸುದ್ದಿ ತೆಗೆದವರಲ್ಲ, ನಾನು ಕ್ಷಮೆ ಕೇಳಲೂ ರೂಢಿ ಅಡ್ಡ ಬಂತು.

ಹೋದ ವರ್ಷ ಜೋಳಕ್ಕೆಂದು ಹಗೇವು ತೆಗೆದಾಗ ಒಂದು ಸಂಗತಿ ಗಮನಿಸಿದೆ. ಕಲ್ಲು ಸರಿಸಿ ಒಂದು ದಿನ ಬಿಟ್ಟಾಗಿತ್ತು, ದೀಪ ಇಳಿಸಿ ಅದು ಉರಿಯುವುದನ್ನು ನೋಡಿಯೂ ಆಗಿತ್ತು. ಇಳಿಯುವವರು ಕಾಯುತ್ತಿದ್ದರು. ಆದರೂ ಭಾವನವರು ಬಾಯಿಯ ಅಂಚಿಗೆ ಕಾಲು ಇಳಿಬಿಟ್ಟು ಸುಮ್ಮನೆ ಕೂತೇ ಇದ್ದರು. ನಾನು ಗಂಡನನ್ನು ನಡುವೆ ತರದೆ, “ಯಾಕ್ರಿ, ಮೈಯಾಗ ಆರಾಮ ಇಲ್ಲೇನ್ರಿ?” ಎಂದು ಕೇಳಿದೆ.

ಅವರು ತಿರುಗಿ ನೋಡಲಿಲ್ಲ. “ನೋಡವಾ, ನಮ್ಮವ್ವ ಹ್ವಾದಾಗ ನಾ ಒಂಬತ್ತ ವರ್ಷದಾಂವ. ಆಮ್ಯಾಲ ಎಲ್ಲಾರಿಗೂ ಅಣ್ಣ ಆದೆ, ಯಜಮಾನ ಆದೆ. ಹುಚ್ಚಪ್ಯಾಲಿ ಅಂತ ಬೈಯಾವ್ರು ಯಾರೂ ಉಳೀಲಿಲ್ಲ. ಅವತ್ತಿಂದು ಯಾರ ಅವ್ವನ ಮಾತರ ಆಗ್ಲಿ. ಮತ್ತೊಮ್ಮಿ ಕರದ್ರ ಕರೀಲಿ ಅಂತ ಪ್ರತಿ ವರ್ಷ ಒಂದ ಸ್ವಲ್ಪ ಹೊತ್ತ ಕುಂದರ್ತೇನಿ.”

ನಾನು ಅದೇ ಮೆಟ್ಟಿಲ ಮೇಲೆ ನಿಂತಿದ್ದೆ. ಆ ಮಾತು ಈಗ ನನಗೆ ಬಾಯಿಪಾಠ. ಆಡುವುದು ಕಷ್ಟವಲ್ಲ, ಆದರೆ ನಾನಾಗಿ ಆಡಿದರೆ ಅದು ನನ್ನ ಮಾತಾಗುತ್ತದೆ. ತುಟಿ ಬಿಗಿಹಿಡಿದು ನಾನೂ ಕಾದೆ. ಏನೂ ಬರಲಿಲ್ಲ. ಭಾವನವರು ಇನ್ನಷ್ಟು ಹೊತ್ತು ಕೂತಿದ್ದು, ಮೊಣಕಾಲಿಗೆ ಕೈಕೊಟ್ಟು ಎದ್ದರು.